ಅತ್ತೆಯವರ ಎಡ ಅಂಗೈ

ನಮ್ಮ ಅತ್ತೆಯವರ ಎಡಗೈಯ ಉಂಗುರ ಬೆರಳು ತಕರಾರು ತೆಗೆದದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ ಅದು ಮಡಚಿಕೊಂಡು ಅಲ್ಲೇ ಸಿಕ್ಕಿಬೀಳುತ್ತಿತ್ತು. ಬಲಗೈಯಿಂದ ಹಿಡಿದು ಎಳೆದರೆ ಟಕ್ ಎಂದು ನೆಟ್ಟಗಾಗುತ್ತಿತ್ತು. ಆ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು. "ನಿಮ್ಮವ್ವಾರು ಎದ್ರು ನೋಡ್ರಿ" ಎಂದು ಗಂಡನಿಗೆ ಹೇಳುತ್ತಿದ್ದೆ. ಅತ್ತೆಗೂ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೆ. "ಹೌದವ್ವಾ, ನಂದು ಬೆರಳು, ನಿಂದು ನಾಲಿಗಿ, ಮುಂಜಾನೆದ್ದು ಎರಡೂ ಸಪ್ಪಳ ಮಾಡತಾವು" ಎಂದು ಅವರು ಒಳಗಿಂದಲೇ ಉತ್ತರ ಕೊಡುತ್ತಿದ್ದರು. ನಮ್ಮಿಬ್ಬರದು ಅಂಥ ಸಂಬಂಧ. ಹೊರಗಿನವರಿಗೆ ಅದು ಜಗಳ ಎನಿಸುತ್ತಿತ್ತು, ನಮಗೆ ಮಾತುಕತೆ.

ಬೇರೆಯವರಿಗಾದರೆ ಎಡಗೈಯ ಒಂದು ಬೆರಳು ಮಡಚಿದರೆ ಹೇಗೋ ನಡೆಯುತ್ತದೆ. ಅತ್ತೆಗೆ ಹಾಗಲ್ಲ. ನಮ್ಮವರಲ್ಲಿ ಕೊರಳಲ್ಲಿ ಧರಿಸಿದ ಲಿಂಗವನ್ನು ದಿನವೂ ಸ್ನಾನವಾದ ಮೇಲೆ ಬೆಳ್ಳಿಯ ಕರಡಿಗೆಯಿಂದ ಹೊರತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಅಂಗೈಗೆ ವಿಭೂತಿ ಸವರಿ, ಲಿಂಗ ಇಟ್ಟು, ಬಲಗೈಯಿಂದ ನೀರೆರೆದು, ಪತ್ರಿ ಏರಿಸಿ, ಅದನ್ನೇ ನೋಡುತ್ತ ಕೂಡಬೇಕು. ಇದಾಗದೆ ಅತ್ತೆ ಒಂದು ಗುಟುಕು ಚಹಾ ಕುಡಿದವರಲ್ಲ. ಸುಳ್ಳ ಎಂಬ ಊರಿನ ತವರುಮನೆಯಲ್ಲಿ ಹುಡುಗಿಯಾಗಿದ್ದಾಗ ಹತ್ತಿದ ರೂಢಿ. ಮದುವೆ, ಬಾಣಂತನ, ಮಾವನವರ ಸಾವು, ಯಾವುದರಲ್ಲೂ ಅದು ತಪ್ಪಿರಲಿಲ್ಲ.

ನನ್ನದು ಬೇರೆ ಕತೆ. ನನ್ನ ಕರಡಿಗೆಯ ಕೊಂಡಿ ಕಿತ್ತುಹೋಗಿತ್ತು. ದುರಸ್ತಿಗೆ ಕೊಡಬೇಕೆಂದು ದೇವರ ಕೋಣೆಯ ಗೂಡಿನಲ್ಲಿ ಇಟ್ಟವಳು ಕೊಡಲೇ ಇಲ್ಲ. ಸಾಲೆಗೆ ಹೊತ್ತಾಗುತ್ತದೆ ಎಂಬ ನೆವ ಮೊದಲು ಇತ್ತು. ನಿವೃತ್ತಿಯಾದ ಮೇಲೆ ನೆವವೂ ಇಲ್ಲದೆ ಹಾಗೇ ಬಿಟ್ಟೆ. ಅತ್ತೆ ಈ ಮಾತು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನಾನು ವಾದಕ್ಕೆ ಇಳಿಯುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

ಒಂದು ದಿನ ಪೂಜೆಯ ನಡುವೆಯೇ ಬೆರಳು ಮಡಚಿಕೊಂಡಿತು. ಲಿಂಗ ಉರುಳಿ ಅವರ ತೊಡೆಯ ಮೇಲೆ ಬಿತ್ತು. ನೆಲಕ್ಕೆ ಬೀಳಲಿಲ್ಲ, ಅಷ್ಟೇ ಪುಣ್ಯ. ಲಿಂಗ ಕೈಜಾರಿ ನೆಲಕ್ಕೆ ಬೀಳುವುದೆಂದರೆ ಅವರ ಪಾಲಿಗೆ ಬದುಕೇ ಜಾರಿಬಿದ್ದಂತೆ. ಅಂದು ಅವರು ಊಟ ಮಾಡಲಿಲ್ಲ. ಸಂಜೆ ನನ್ನ ಗಂಡ ಹುಬ್ಬಳ್ಳಿಯ ದಲಾಲಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಅವರ ಮುಂದೆ ಬಂದು ನಿಂತರು. "ಇದನ್ನ ಕೊಯ್ಸಿಬಿಡೂಣು. ಕೈಯಾಗ ಲಿಂಗ ನಿಲ್ಲದಂಗಾದ್ರ ನಾ ಯಾಕ ಇರಬೇಕು" ಎಂದರು. ಸೂಜಿ ಕಂಡರೆ ಕಣ್ಣು ಮುಚ್ಚುತ್ತಿದ್ದ ಹೆಂಗಸು ತಾನಾಗಿ ಕತ್ತರಿಗೆ ಕೈ ಕೊಡಲು ಹೊರಟಿದ್ದಳು.

ಹುಬ್ಬಳ್ಳಿಯಲ್ಲಿ ಕೈಯ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ಬೆರಳನ್ನು ಎರಡು ಸಲ ಮಡಚಿ ಬಿಡಿಸಿ ನೋಡಿದರು. "ಬೆರಳು ಎಳಿಯೂ ಹುರಿ ಒಂದು ಸಣ್ಣ ಕೊಳವಿಯಾಗ ಓಡಾಡತೈತ್ರಿ ಅಮ್ಮಾರ. ಲಂಗದ ಲಾಡಿ ಸಿಕ್ಕೊಂಡಂಗ ಅದು ಅಲ್ಲೆ ಸಿಕ್ಕೊಂಡೈತಿ. ಬಾಯಿ ಒಂಚೂರು ಬಿಡಿಸಿದ್ರ ಆತು" ಎಂದರು. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಅಂಥವರಿಗೆ ಇದು ಹೆಚ್ಚು, ಗಾಯ ಮಾಯುವುದೂ ತಡ, ಜೋಕೆಯಿಂದ ಇರಬೇಕು ಎಂದೂ ಹೇಳಿದರು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವಂಥ ಸಣ್ಣ ಆಪರೇಷನ್.

ಆಪರೇಷನ್ ದಿನ ಒಂದು ಪ್ರಸಂಗ ನಡೆಯಿತು. ಬಳೆ, ಕಿವಿಯೋಲೆ, ಮಂಗಳಸೂತ್ರ ತೆಗೆಯಿರಿ ಎಂದು ನರ್ಸ್ ಹೇಳಿದಾಗ ಅತ್ತೆ ಬಳೆ, ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮಾವನವರು ಹೋಗಿ ಎಷ್ಟೋ ಕಾಲವಾಗಿದೆ, ಮಂಗಳಸೂತ್ರ ಎಲ್ಲಿಂದ ಬರಬೇಕು ಎಂದು ಆ ಹುಡುಗಿಗೆ ತಮಾಷೆಯನ್ನೂ ಮಾಡಿದರು. ಅವಳು ಕರಡಿಗೆಗೆ ಕೈ ಹಾಕಿದಾಗ ಮಾತ್ರ ಅವರ ಮುಖ ಬದಲಾಯಿತು. "ಇದು ಮಣ್ಣಿಗೂ ನನ್ನ ಜೋಡಿನೇ ಬರೂದು. ನೀ ಯಾರು ತಗೀಯಾಕ" ಎಂದರು. ಗದ್ದಲ ಕೇಳಿ ಡಾಕ್ಟರ್ ಹೊರಗೆ ಬಂದರು. ಅವರ ಹಸಿರು ಅಂಗಿಯ ಕೊರಳಲ್ಲೂ ಒಂದು ದಾರ ಕಾಣಿಸುತ್ತಿತ್ತು. "ಇರ್ಲಿ ಬಿಡ್ರಿ. ಬಟ್ಟಿ ಸುತ್ತಿ ಆ ಕಡಿ ಹೆಗಲಿಗೆ ಕಟ್ರಿ" ಎಂದರು. ಅತ್ತೆ ಆ ದಾರವನ್ನು ನೋಡಿದರು. ಆಮೇಲೆ ಕೈ ಚಾಚಿ ಕೂಸಿನಂತೆ ಒಳಗೆ ನಡೆದರು. ಈ ಡಾಕ್ಟರು ನಮ್ಮವ, ಇನ್ನು ಹೇಳುವುದು ಕೇಳುವುದು ಏನೂ ಬೇಡ ಎಂದು ಅವರಿಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೇಜಿನ ಮೇಲೇ ಬೆರಳು ಮಡಚಿಸಿ ಬಿಡಿಸಿ ನೋಡಿದರಂತೆ, ಎಲ್ಲೂ ಸಿಕ್ಕಲಿಲ್ಲವಂತೆ. ಬೆರಳಿನ ಬುಡದಲ್ಲಿ, ಅಂಗೈ ಶುರುವಾಗುವ ಜಾಗದಲ್ಲಿ ಪುಟ್ಟ ಹೊಲಿಗೆ. ಹೊರಡುವಾಗ ಡಾಕ್ಟರ್ ನಮ್ಮನ್ನು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದರು. ನೀರು ತಾಗಬಾರದು. ಪಾತ್ರೆ ತಿಕ್ಕಬಾರದು, ಹಿಟ್ಟು ನಾದಬಾರದು. ಗಿಡದ ಮಣ್ಣು, ಸಗಣಿ ಮುಟ್ಟಲೇಬಾರದು. ಕೈ ಎತ್ತರದಲ್ಲಿ ಇರಬೇಕು, ಬೆರಳು ಆಡಿಸುತ್ತಿರಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಒಪ್ಪಿಸಲು ಕಲಿಸಿದವಳು ನಾನು, ಅಲ್ಲೇ ಅದನ್ನು ಅವರಿಗೆ ತಿರುಗಿ ಒಪ್ಪಿಸಿದೆ. "ಶಾಣ್ಯಾ ಇದ್ದೀರಿ" ಎಂದು ಅವರು ನಕ್ಕರು.

ಮನೆಯಲ್ಲಿ ನನ್ನ ಕಾರಭಾರ ಜೋರಾಗಿತ್ತು. ಅತ್ತೆಯನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ತುಳಸಿಗೆ ನಾನೇ ನೀರು ಹಾಕಿದೆ. ಸ್ನಾನಕ್ಕೆ ಮುಂಚೆ ಅವರ ಕೈಗೆ ಹಾಲಿನ ಪ್ಲಾಸ್ಟಿಕ್ ಚೀಲ ತೊಡಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ನಾನೇ ಬೆನ್ನಿಗೆ ನೀರು ಹಾಕುತ್ತಿದ್ದೆ. "ನನ್ನ ಮದುವ್ಯಾಗೂ ಇಷ್ಟು ಉಪಚಾರ ಆಗಿದ್ದಿಲ್ಲ" ಎಂದು ಅವರು ಅಣಕಿಸುತ್ತಿದ್ದರು. ಸ್ನಾನ ಮುಗಿದ ಮೇಲೆ ಅವರು ದೇವರ ಕೋಣೆಗೆ ಹೋಗಿ ಪರದೆ ಎಳೆದುಕೊಳ್ಳುತ್ತಿದ್ದರು. ನಾನು ಚಹಾಕ್ಕೆ ನೀರಿಡುತ್ತಿದ್ದೆ. ಹೊರಗೆ ಬಂದಾಗ ಬ್ಯಾಂಡೇಜು ನೋಡುತ್ತಿದ್ದೆ. ಒಣಗಿದ್ದು, ಅಚ್ಚುಕಟ್ಟು, ಒಂದು ಎಳೆ ಸಡಿಲವಿಲ್ಲ. ನೋಡಿ ನೋಡಿ ನಾನೇ ಹೆಮ್ಮೆ ಪಡುತ್ತಿದ್ದೆ.

ಪರದೆಯ ಆಚೆ ಒಂದು ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಹೆಂಗಸು ಅದೇ ಅಂಗೈಯಲ್ಲಿ ಲಿಂಗಪೂಜೆ ಹೇಗೆ ಮಾಡುತ್ತಾಳೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಅದು ದಿನವೂ ಆಗುವ ಕೆಲಸ, ದಿನದಂತೆ ಆಗುತ್ತಿತ್ತು. ಸೂರ್ಯ ಹೇಗೆ ಹುಟ್ಟಿದ ಎಂದು ಯಾರು ಕೇಳುತ್ತಾರೆ.

ವಾರ ಕಳೆಯುವಷ್ಟರಲ್ಲಿ ಅತ್ತೆಯ ಮಾತು ಕಡಿಮೆಯಾಯಿತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂಡುತ್ತಿದ್ದರು. ಕೇಳಿದರೆ, "ಮಾಯೂ ಮುಂದ ಕಡೀತೈತಿ, ಅದೇನು ಹೊಸಾದೇನು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಒಂದು ವಾಸನೆ ಬಂತು. ಹಳಸಿದ ಪಲ್ಯ ಇರಬೇಕೆಂದು ಪಾತ್ರೆಗಳನ್ನು ಮೂಸಿದೆ. ಪಲ್ಯ ಹಳಸಿರಲಿಲ್ಲ. ಅತ್ತೆಯ ಹಣೆ ಮುಟ್ಟಿದೆ, ಸುಡುತ್ತಿತ್ತು. ಸೆರಗು ಸರಿಸಿದೆ. ಬ್ಯಾಂಡೇಜಿನಿಂದ ಹೊರಗೆ ಇಣುಕಿದ ಬೆರಳು ಬದನೆಕಾಯಿಯಂತೆ ಉಬ್ಬಿ, ಬಿಗಿದು, ಮಿರಿಮಿರಿ ಮಿಂಚುತ್ತಿತ್ತು.

ಹುಬ್ಬಳ್ಳಿಗೆ ಹೋಗುವ ದಾರಿಯುದ್ದಕ್ಕೂ ನಾನು ಆ ಡಾಕ್ಟರನ್ನೂ ಅವರ ಆಸ್ಪತ್ರೆಯನ್ನೂ ಮನಸ್ಸಿನಲ್ಲೇ ಬೈದೆ. ಕತ್ತರಿ ಸರಿಯಾಗಿ ಕುದಿಸಿಲ್ಲ, ಕೈ ತೊಳೆದಿಲ್ಲ, ಅವಸರ ಮಾಡಿದ್ದಾರೆ. ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು ಅವರ ಕೋಣೆಗೆ ಹೋದೆ. ಬಾಯಿ ತೆರೆಯುವ ಮುಂಚೆಯೇ ಅವರು ಬ್ಯಾಂಡೇಜು ಬಿಚ್ಚತೊಡಗಿದ್ದರು. ಒಳಗಿನ ಹತ್ತಿಬಟ್ಟೆ ತೆಗೆದವರು ಹಾಗೇ ನಿಂತರು. ಚಿಮಟಿಗೆಯಿಂದ ಏನನ್ನೋ ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದರು. ಬಿಲ್ವಪತ್ರಿಯ ಒಂದು ಚೂರು. ಹೊಲಿಗೆಯ ಸಂದಿಯಲ್ಲೆಲ್ಲ ಬೂದು ಬಣ್ಣದ ಕೆಸರು ಮೆತ್ತಿಕೊಂಡಿತ್ತು.

"ಅಮ್ಮಾರ, ಇದೇನ್ರಿ" ಎಂದರು.

"ವಿಭೂತಿರಿ" ಎಂದರು ಅತ್ತೆ. ನೋವಿನಲ್ಲೂ ಅವರ ದನಿಯಲ್ಲಿ ಅಳುಕಿರಲಿಲ್ಲ. "ಪೂಜಾ ಮಾಡೂ ಮುಂದ ಪಟ್ಟಿ ಬಿಚ್ಚತಿದ್ನಿ. ತೊಳೆದ ತಾಟಿನ್ಯಾಗ ಇಡತಿದ್ನಿ. ಪೂಜಾ ಆದಮ್ಯಾಲ ಮಡೀ ಬಟ್ಟೀಲೆ ಒರಿಸಿ ಹೆಂಗಿತ್ತೋ ಹಂಗ ಕಟ್ಟತಿದ್ನಿ. ಹೊಲಸ ಒಂದೀಟೂ ಮುಟ್ಟಿಲ್ರಿ ನಾ."

"ನೀರು?"

"ಲಿಂಗದ ಮ್ಯಾಲ ಎರಿಯೂದು ಎಷ್ಟರೀ, ಒಂದು ಉದ್ಧರಣಿ."

ಡಾಕ್ಟರ್ ಆ ಚೂರನ್ನು ಟ್ರೇಯಲ್ಲಿ ಇಟ್ಟರು. ದಾರಿಯಲ್ಲಿ ನಾನು ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಒಣಗಿದ, ಅಚ್ಚುಕಟ್ಟಾದ ಆ ಬ್ಯಾಂಡೇಜು ನೆನಪಾಯಿತು. ತವರಿನಲ್ಲಿ ಬಿತ್ತನೆಬೀಜದ ಗಂಟು ಕಟ್ಟಿ ಬೆಳೆದ ಕೈ ಅದು. ಅತ್ತೆ ಒಂದೇ ಕೈಯಲ್ಲಿ, ಹಲ್ಲಿನ ಸಹಾಯದಿಂದ, ಆಸ್ಪತ್ರೆಯವರಿಗಿಂತ ಚೆನ್ನಾಗಿ ಅದನ್ನು ಕಟ್ಟುತ್ತಿದ್ದರು.

ಕೀವು ಹುರಿ ಓಡಾಡುವ ಆ ಕೊಳವೆಯೊಳಗೇ ಇಳಿದಿತ್ತು. ಅವತ್ತೇ ಮತ್ತೆ ಕೊಯ್ದು ತೊಳೆದರು. ಮೊದಲಿನದು ಪುಟ್ಟ ಗಾಯ, ಇದು ಬೆರಳಿನಿಂದ ಅಂಗೈಯ ನಡುವಿನವರೆಗೆ. ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರ್ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. ಕೈ ಉಳಿದಿದೆ, ಬೆರಳೂ ಉಳಿದಿದೆ, ಆದರೆ ಮೊದಲಿನ ಹಾಗೆ ಆಗುತ್ತದೆಂದು ಮಾತು ಕೊಡಲಾರೆ ಎಂದರು. ಆಮೇಲೆ ಹೇಳಿದರು, "ಪಾತ್ರಿ ಹೇಳಿದ್ನಿ, ಹಿಟ್ಟು ಹೇಳಿದ್ನಿ, ಸಗಣಿ ಹೇಳಿದ್ನಿ. ನಮ್ಮವ್ವನೂ ದಿನಾ ಇದನ್ನ ಮಾಡತಾಳ್ರಿ. ನಾನೂ ಕೊರಳಾಗ ಹಾಕ್ಕೊಂಡೇನಿ. ಆದ್ರ ಪೂಜಾದ ಮಾತು ಬಾಯಿಗೆ ಬರಲಿಲ್ಲ ನೋಡ್ರಿ."

ತಪ್ಪು ಯಾರದು ಎಂದು ಹುಡುಕುವ ಚಟ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ರಾತ್ರಿ ಆಸ್ಪತ್ರೆಗೆ ಬಂದ ನನ್ನ ಗಂಡ ಮೊದಲು ಅವ್ವನ ಮೇಲೆ ಹರಿಹಾಯ್ದರು. ಆಮೇಲೆ ನನ್ನ ಕಡೆ ತಿರುಗಿ, "ಕಲತಾಕಿ ಅದೀ, ನೋಡಬಾರದಾ" ಎಂದರು. ನಾನೂ ಬಿಡಲಿಲ್ಲ, "ನಿಮ್ಮವ್ವ ಪೂಜಾಕ್ಕ ಕೂಡೂದು ನೀವು ಹುಟ್ಟಿದಾಗಿಂದ ನೋಡೀರಿ, ನಿಮಗ್ಯಾಕ ಹೊಳೀಲಿಲ್ಲ" ಎಂದೆ. ಹಾಸಿಗೆಯ ಮೇಲಿದ್ದ ಅತ್ತೆ ಕಣ್ಣು ಮುಚ್ಚಿಕೊಂಡೇ, "ಇಬ್ಬರೂ ಸುಮ್ಮಕಿರ್ರಿ, ಬಾಜೂದವ್ರಿಗೆ ನಿದ್ದಿ ಬೇಕು" ಎಂದರು. ಯೋಚಿಸಿದಷ್ಟೂ ನನಗೆ ಇಲ್ಲಿ ತಪ್ಪು ಸಿಗುವುದಿಲ್ಲ, ಮರುಕ ಮಾತ್ರ ಸಿಗುತ್ತದೆ. ಯಾರೂ ಕೆಟ್ಟದ್ದು ಮಾಡಲಿಲ್ಲ. ಎಲ್ಲರೂ ತಮಗೆ ತಿಳಿದ ಸ್ವಚ್ಛತೆಯನ್ನು ಪಾಲಿಸಿದರು. ಹೀಗಾಯಿತಲ್ಲ ಎಂಬ ಸಂಕಟವನ್ನು ಯಾರ ಮೇಲೆ ಇಳಿಸಲಿ ಎಂದು ತಿಳಿಯುವುದಿಲ್ಲ.

ಗಾಯವನ್ನು ಈ ಸಲ ಹೊಲಿಯಲಿಲ್ಲ. ಮೇಲೆ ಹೊಲಿದರೆ ಕೀವು ಒಳಗೇ ಉಳಿಯುತ್ತದೆ, ತಳದಿಂದ ಮಾಂಸ ತುಂಬಿಕೊಂಡು ಬರಬೇಕು ಎಂದರು. ಮನೆಗೆ ಬಂದ ಮೇಲೆ ನಮ್ಮೂರು ಧಾರವಾಡದಲ್ಲೇ ಒಂದು ದವಾಖಾನೆಗೆ ದಿನವೂ ಪಟ್ಟಿ ಬದಲಿಸಲು ಹೋಗುತ್ತಿದ್ದೆವು. ಮೊದಲ ದಿನ ನಾನು ಗೋಡೆ ನೋಡುತ್ತ ನಿಂತಿದ್ದೆ. ಅತ್ತೆ ಮಾತ್ರ ತಮ್ಮ ಅಂಗೈಯನ್ನೇ ದಿಟ್ಟಿಸುತ್ತಿದ್ದರು, ಪೂಜೆಯಲ್ಲಿ ನೋಡುವ ಹಾಗೆಯೇ. ಬರಬರುತ್ತ ನಾನೂ ನೋಡಲು ಕಲಿತೆ. ಹಳದಿ ಹೋಗಿ ಕೆಂಪು ಬಂತು. ಕೆಂಪಿನಲ್ಲಿ ದಾಳಿಂಬೆ ಕಾಳಿನಂಥ ಸಣ್ಣ ಸಣ್ಣ ಗುಳ್ಳೆ ಎದ್ದವು. ಇದು ಒಳ್ಳೆಯ ಲಕ್ಷಣ ಎಂದರು. ಅಂಚಿನಿಂದ ತೆಳ್ಳನೆಯ ಚರ್ಮ ದಿನಕ್ಕೆ ಒಂದಿಷ್ಟೇ ಒಳಗೆ ಸರಿಯಿತು. ಬೆರಳು ಆಡಿಸಿ ಎನ್ನುತ್ತಿದ್ದರು. ಅತ್ತೆ ಹಲ್ಲು ಕಚ್ಚಿ ಆಡಿಸಲು ನೋಡುತ್ತಿದ್ದರು, ಅದು ಕೂದಲೆಳೆಯಷ್ಟು ಅಲುಗಿ ನಿಲ್ಲುತ್ತಿತ್ತು.

ಆ ದಿನಗಳಲ್ಲಿ ಅವರು ಪೂಜೆ ಮಾಡಲಿಲ್ಲ. ಡಾಕ್ಟರರ ಮಾತಿಗಲ್ಲ, ಕೈಯಲ್ಲಿ ಕೀವಿದೆ, ಲಿಂಗಕ್ಕೆ ತಾಗಬಾರದು ಎಂದು. ಪೂಜೆಯಿಲ್ಲದೆ ಊಟವಿಲ್ಲ ಎಂದು ಹಟ ಹಿಡಿಯುತ್ತಾರೆಂದು ನಾನು ಹೆದರಿದ್ದೆ. ಮಾತ್ರೆಗಾಗಿ ಉಂಡರು. ತಲೆ ಎತ್ತದೆ, ಕದ್ದು ತಿನ್ನುವವರಂತೆ ಉಂಡರು. ಅದನ್ನು ನೋಡುವುದು ಗಾಯ ನೋಡುವುದಕ್ಕಿಂತ ಕಷ್ಟವಾಗಿತ್ತು.

ನಮ್ಮ ಪಕ್ಕದ ಮನೆಯವರು ತಾಡಪತ್ರಿ ವ್ಯಾಪಾರದ ಮುಸ್ಲಿಂ ಕುಟುಂಬ. ಆ ಮನೆಯ ಹಿರಿಯಾಕೆ ಅತ್ತೆಯ ಹಳೆಯ ಗೆಳತಿ. ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಉಪ್ಪಿನಕಾಯಿಯಿಂದ ಹಿಡಿದು ಸೊಸೆಯಂದಿರವರೆಗೆ ಎಲ್ಲವನ್ನೂ ಹಂಚಿಕೊಂಡವರು. ಅವರು ನೋಡಲು ಬಂದರು. ನಡೆದದ್ದನ್ನೆಲ್ಲ ಕೇಳಿ, ಅತ್ತೆಯ ಮೊಣಕೈ ಮೇಲೆ ಕೈ ಇಟ್ಟು ಬಹಳ ಹೊತ್ತು ಕೂತರು.

"ಅಕ್ಕಾ, ನಂದು ಕೈ ಮುರದಾಗ ನಮಾಜಿಗೆ ಮೊದ್ಲ ಕೈ ಹೆಂಗ ತೊಳೀಲಿ ಅಂತ ನಮ್ಮ ಮೌಲ್ವಿಯವರ್ನ ಕೇಳಿದ್ನಿ. ಪಟ್ಟಿ ಮ್ಯಾಲ ಒದ್ದಿ ಕೈ ಸವರಿದ್ರ ಸಾಕು ಅಂದ್ರು. ನಿಮ್ಮಾಗ ಹಂಗೇನೂ ಇಲ್ಲೇನು" ಎಂದರು.

"ಇರಬೇಕು" ಎಂದರು ಅತ್ತೆ. "ನಾ ಕೇಳಲಿಲ್ಲ."

ಮರುದಿನ ಅವರು ನನ್ನ ಕೈಯಿಂದ ಮಠದ ಅಯ್ಯನವರಿಗೆ ಫೋನ್ ಮಾಡಿಸಿದರು. ಅಯ್ಯನವರು ಪಾಪ, ನಡೆದದ್ದೇನೂ ಗೊತ್ತಿಲ್ಲದೆ ಸಲೀಸಾಗಿ ಹೇಳಿದರು. "ಜಡ್ಡಿನಾಗ ಅದೆಲ್ಲಾ ಯಾಕವ್ವಾ. ಕರಡಿಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರ ಪೂಜಾ ಮುಟ್ಟತೈತಿ." ಅತ್ತೆ "ಆತ್ರಿ ಅಜ್ಜಾರ" ಎಂದು ಫೋನನ್ನು ನನಗೆ ಕೊಟ್ಟರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕೇಳಿದ್ದರೆ ಒಂದು ನಿಮಿಷದ ಮಾತು. ಕೇಳಬೇಕಾದ ಸಂಗತಿ ಇದು ಎಂದು ಅವರಿಗೆ ಅನಿಸಲೇ ಇಲ್ಲ. ಅನ್ನ ಉಣ್ಣಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ.

ಗಾಯ ಮಾಯಿತು. ನಾಲ್ಕು ಜನ ನೋಡಿ ಮೆಚ್ಚುವ ಹಾಗೆಯೇ ಮಾಯಿತು. ಆದರೆ ಉಂಗುರ ಬೆರಳು ಒಳಮುಖವಾಗಿ ಬಾಗಿ ಮರದಂತಾಯಿತು. ಅಂಗೈಯ ನಡುವಿನ ತಗ್ಗು ಹೋಗಿ ಅಲ್ಲಿ ಹುರಿಯಂಥ ಒಂದು ದಿಬ್ಬ ಎದ್ದಿತು. ಲಿಂಗ ಕೂಡುತ್ತಿದ್ದದ್ದು ಆ ತಗ್ಗಿನಲ್ಲೇ. ಕೈ ಪೂರಾ ಒಣಗಿದ ಮೇಲೆ ಅವರು ಹಾಸಿಗೆಯ ಮೇಲೆ ಕೂತು, ಕೆಳಗೆ ಮೆತ್ತನೆಯ ದಿಂಬು ಇಟ್ಟುಕೊಂಡು ಲಿಂಗವನ್ನು ಇಟ್ಟು ನೋಡಿದರು. ಅದು ಪಕ್ಕಕ್ಕೆ ಉರುಳಿತು. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಉರುಳಿತು. ಮೂರನೆಯ ಸಲ ಇಡಲಿಲ್ಲ. ಯಾವ ಕೆಲಸಕ್ಕಾಗಿ ಬೆರಳನ್ನು ಕೊಯ್ಯಿಸಿಕೊಂಡರೋ, ಆ ಕೆಲಸಕ್ಕೇ ಕೈ ಇಲ್ಲದಂತಾಯಿತು. ಆ ಕೆಲಸವನ್ನು ಒಂದು ದಿನವೂ ಬಿಡಲಾರದೆ ಹೋದದ್ದರಿಂದಲೇ ಹೀಗಾಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ.

ಈಗ ಒಂದು ಸಣ್ಣ ಮಣೆಯ ಮೇಲೆ ಲಿಂಗ ಇಟ್ಟು ಪೂಜೆ ಮಾಡುತ್ತಾರೆ. ಅದಕ್ಕೂ ಅಯ್ಯನವರ ಒಪ್ಪಿಗೆ ಇದೆ. ಬೆಳಿಗ್ಗೆ ಬೆರಳಿನ ಸದ್ದು ಕೇಳಿಸುವುದಿಲ್ಲ. ಅತ್ತೆ ಎದ್ದದ್ದು ನನಗೆ ತಿಳಿಯುವುದೇ ಇಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ಅವರು ಪರದೆ ಎಳೆಯದೆ ನನ್ನನ್ನು ಕರೆದರು. "ಜಳಕ ಆಗೇತೇನು" ಎಂದರು. ಆಗೇತ್ರಿ ಎಂದೆ. "ಹಂಗಾದ್ರ ಇಲ್ಲಿ ಬಾ. ಎಡಗೈ ಕೊಡು." ನನ್ನ ಅಂಗೈಯನ್ನು ಸೆರಗಿನಿಂದ ಒರೆಸಿ, ವಿಭೂತಿ ಸವರಿದರು. ಕರಡಿಗೆ ತೆರೆದು ತಮ್ಮ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಹೀಗೆ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಇಷ್ಟು ವರ್ಷದ ಮಾತುಕತೆಯಲ್ಲಿ ಅವರು ನನಗೆ ಅದಕ್ಕಿಂತ ದೊಡ್ಡದನ್ನು ಕೊಟ್ಟಿರಲಿಲ್ಲ. ತಣ್ಣಗಿತ್ತು. ಗಾತ್ರಕ್ಕಿಂತ ಹೆಚ್ಚು ತೂಕವಿತ್ತು. ಅವರು ಎರೆದ ನೀರು ನನ್ನ ಮಣಿಕಟ್ಟಿನವರೆಗೆ ಇಳಿಯಿತು. ಅವರು ದಿಟ್ಟಿಸುತ್ತ ಕೂತರು. ನನಗೆ ಭಕ್ತಿಗೆ ಪುರುಸೊತ್ತಿರಲಿಲ್ಲ. ಎಲ್ಲಿ ಬೀಳುತ್ತದೋ ಎಂದು ಬೆರಳುಗಳನ್ನು ಒಳಗೆ ಬಾಗಿಸಿ ಹಿಡಿದಿದ್ದೆ, ಇದನ್ನು ಅವರು ಜೀವಮಾನವಿಡೀ ಬೀಳದಂತೆ ಹಿಡಿದಿದ್ದರಲ್ಲ ಎಂದಷ್ಟೇ ಯೋಚಿಸುತ್ತಿದ್ದೆ. ಪೂಜೆ ಮುಗಿಸಿ ಲಿಂಗವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, "ಕೈ ಛಲೋ ಐತಿ ನಿಂದು" ಎಂದರು.

ಮಂಗಳವಾರ ನಾನು ಬೇಗ ಎದ್ದು ಸ್ನಾನ ಮುಗಿಸಿದೆ. ಕರೆಯುವ ಮೊದಲೇ ಪರದೆಯ ಹತ್ತಿರ ಹೋಗಿ ನಿಂತೆ. ಅವರು ಆಗಲೇ ಮಣೆ ಹಾಕಿಕೊಂಡು ಕೂತಿದ್ದರು.

"ಯಾಕ ಬಂದಿ" ಎಂದರು.

"ಕೈ ಕೊಡಾಕ ಬಂದೇನ್ರಿ."

ಅವರು ನನ್ನ ಅಂಗೈಯನ್ನು ನೋಡಿದರು. ತಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡವ್ವಾ" ಎಂದರು. "ನಿನ್ನಿ ಅದರ ತೂಕ ನಿನಗ ಗೊತ್ತಾತು. ನನ್ನ ಕೈಗೆ ಗೊತ್ತಾಗಲಿಲ್ಲ."

ನಾನು ಪರದೆ ಎಳೆದು ಅಡುಗೆಮನೆಗೆ ಬಂದೆ.